ಕಡಲಕುದುರೆಯ ಪಥ್ಯ

ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಸ್ಟೀಲ್ ಡಬ್ಬಿಯೊಂದನ್ನು ಎರಡೇ ಬೆರಳಲ್ಲಿ ಹಿಡಿದು ನಮ್ಮ ಮನೆ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ನಿಮ್ಮ ಫ್ರಿಜ್ಜಿನಲ್ಲಿ ಇದಕ್ಕೆ ಸ್ವಲ್ಪ ಜಾಗ ಕೊಡಿ ಎಂದರು. ತೆರೆದು ನೋಡಿದರೆ ಸಿಗಡಿ! ಹೊನ್ನಾವರದವಳಾದ ನನಗೆ ತವರಿನವರನ್ನೇ ಕಂಡಂತಾಯಿತು. ಯಜಮಾನರಿಗೆ ಅಹಮದಾಬಾದಿಗೆ ವರ್ಗವಾದಾಗ, ಮೊಟ್ಟೆಯನ್ನೂ ಒಳಗೆ ತರುವುದಿಲ್ಲವೆಂದು ಮಾತು ತೆಗೆದುಕೊಂಡೇ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಈ ಮನೆಯ ಕೀಲಿಕೈ ಕೊಟ್ಟವರು ಇವರು.

ಅವರ ಹಾಲ್‌ನ ಗಾಜಿನ ತೊಟ್ಟಿಯಲ್ಲಿದ್ದ ಕಡಲಕುದುರೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿ, ಬಾಲವೆಲ್ಲ ಬಿಳಿ ಹುಣ್ಣಾಗಿತ್ತು. ಆಂಟಿಬಯಾಟಿಕ್ಕನ್ನು ಸಿಗಡಿಗೆ ಬೆರೆಸಿ ತಿನ್ನಿಸದಿದ್ದರೆ ಅದು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅಲ್ಲಿಯವರೆಗೆ ಅದನ್ನು ಮಾರಿದ ಅಂಗಡಿಯವನೇ ಬಂದು ಮೇವು ಹಾಕಿ ಹೋಗುತ್ತಿದ್ದ. ಅದೇನು ಮೇವೆಂದು ಇವರು ಜಾಣತನದಿಂದ ಕೇಳಿರಲಿಲ್ಲ.

"ಯೇ ಖಾನಾ ನಹೀಂ ಹೈ ಬೆನ್, ದವಾಯಿ ಹೈ" ಅಂದರೆ, ಇದು ಊಟವಲ್ಲ ತಂಗಿ, ಔಷಧಿ ಎಂದು ನನಗೇ ಸಮಾಧಾನ ಹೇಳಿದರು. ದಿನಾ ಸಿಗಡಿ ಸುಲಿದು, ಸಣ್ಣಗೆ ಹೆಚ್ಚಿ, ಔಷಧಿ ಬೆರೆಸಿ ಕೊಡುವ ಪುಣ್ಯವೂ ನನ್ನ ಪಾಲಿಗೇ ಬಂತು. ತಿನ್ನುವ ಪುಣ್ಯ ಮಾತ್ರ ಕುದುರೆಯದು.

ಕುದುರೆ ಚೇತರಿಸಿಕೊಂಡಿತು. ಮರುವಾರ ಮಾಲೀಕರು ಬಂದು, ನಮ್ಮ ಅಡುಗೆಮನೆಯತ್ತ ಮೂಗರಳಿಸಿ, ಮೀನಿನ ನಾತ ಎಲ್ಲಿಂದ ಬರುತ್ತಿದೆ ಎಂದು ಹುಬ್ಬು ಗಂಟಿಕ್ಕಿ ವಿಚಾರಿಸಿದರು.

ನಾವು ಊರಿಗೆ ಮರಳಿ ಇಪ್ಪತ್ತು ವರ್ಷವಾಗುತ್ತ ಬಂತು. ಇಂದಿಗೂ ನಾನು ಸಿಗಡಿ ತಂದ ದಿನ ಯಜಮಾನರು ಮುಖ ಗಂಭೀರ ಮಾಡಿಕೊಂಡು ಕೇಳುತ್ತಾರೆ: "ಇವತ್ತು ಯಾರಿಗೆ ಹುಷಾರಿಲ್ಲ ಮಾರಾಯ್ತಿ?"