ತೋಳಿಲ್ಲದ ಐವರು

ಸಂಜೆ ಷಟರ್ ಎಳೆಯುವ ಹೊತ್ತಿಗೆ ಟೈಲರಮ್ಮನ ಕತ್ತರಿಸುವ ಮೇಜಿನ ಮೇಲೆ ಒಂದೆಳೆ ದಾರವೂ ಉಳಿದಿರುತ್ತಿರಲಿಲ್ಲ. ಚೂರುಪಾರು ಬಟ್ಟೆಯನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ಬೀದಿ ಕೊನೆಯ ಕಸದ ತೊಟ್ಟಿಗೆ ಸುರಿದು ಬಂದ ಮೇಲೆಯೇ ಅವಳ ದಿನ ಮುಗಿಯುವುದು. ಮೂವತ್ತೊಂದು ವರ್ಷ ಈ ಚಟವನ್ನು ಕಂಡವರೆಲ್ಲ ಹೊಗಳಿದ್ದರು. ಅದೇ ಚಟ ಒಂದು ಭಾನುವಾರ ಅವಳ ಮಾನ ತೆಗೆಯಲು ಕಾದು ಕೂತಿತ್ತು. ಪಾಪ, ಅವಳಿಗೇನು ಗೊತ್ತು.

ಕಂಪ್ಯೂಟರಿನಲ್ಲಿ ಆಟ ತಯಾರಿಸುವವರ ಬಳಗವೊಂದಕ್ಕೆ ಅವಳು ಸೇರಿ ಹದಿನೇಳು ದಿನವಾಗಿತ್ತು. ಸೇರಿಸಿದವಳು ಅಕ್ಕನ ಮಗಳು. ಚಿಕ್ಕಮ್ಮ ಗಿರಾಕಿಗಳಿಗೆ ತೋರಿಸಲೆಂದು ಬಿಡಿಸುತ್ತಿದ್ದ ಉಡುಪಿನ ಚಿತ್ರಗಳನ್ನು ನೋಡಿ, ಹಳೆಯ ಕಂಪ್ಯೂಟರ್ ತಂದಿಟ್ಟು, ಇದರಲ್ಲೂ ಬಿಡಿಸು ಎಂದು ಗಂಟುಬಿದ್ದಿದ್ದಳು. ಬಳಗದಲ್ಲಿ ಯಾರೂ ಯಾರನ್ನೂ ಕಣ್ಣಾರೆ ಕಂಡವರಲ್ಲ. ಬರೆದೇ ಮಾತು, ಅಡ್ಡಹೆಸರಿನಲ್ಲೇ ವ್ಯವಹಾರ. ಇವಳು ಸೂಜಿ. ಮುಂದಾಳತ್ವ ವಹಿಸಿದವರು ಮೇಷ್ಟ್ರು. ಇವಳ ವಾರದಲ್ಲೇ ಸೇರಿದ ಇನ್ನೊಬ್ಬ ಹೊಸಬ ಬಾವಲಿ. ಮೊದಲ ದಿನ ಇವಳು, ಬಿಡಿಸಿದ ಚಿತ್ರವನ್ನು ಬಳಗದ ಪೆಟ್ಟಿಗೆಗೆ, ಅಂದರೆ ಎಲ್ಲರ ಕೆಲಸವೂ ಒಟ್ಟಾಗಿ ಸೇರುವ ಅಂತರ್ಜಾಲದ ಫೋಲ್ಡರಿಗೆ, ಹಾಕುವುದು ಹೇಗೆಂದು ಕೇಳಿದಾಗ ಉಳಿದವರು ನಗುವ ಮುಖಗಳನ್ನು ಒತ್ತಿ ಸುಮ್ಮನಾಗಿದ್ದರು. ಬಾವಲಿ ಮಾತ್ರ ಒಂದೊಂದೇ ಹೆಜ್ಜೆ ಬರೆದು ಹೇಳಿಕೊಟ್ಟಿದ್ದ.

ಬಳಗ ಆ ವಾರ ಒಂದು ಪಂದ್ಯಕ್ಕೆ ಇಳಿದಿತ್ತು, ಶುಕ್ರವಾರ ಸಂಜೆ ಆರಕ್ಕೆ ಶುರುವಾಗಿ ಭಾನುವಾರ ಸಂಜೆ ಆರಕ್ಕೆ ಮುಗಿಯುವಂಥದ್ದು. ಅಷ್ಟರೊಳಗೆ ಒಂದು ಆಟ ತಯಾರಾಗಿ ಒಪ್ಪಿಸಿರಬೇಕು. ಹೊಸಬರಿಗೆ ಇದೇ ಪರೀಕ್ಷೆ. ಕೆಲಸ ಆಟದೊಳಗೆ ಸೇರಿದರೆ ಆಟದ ಕೊನೆಯಲ್ಲಿ ತೆರೆಯ ಮೇಲೆ ಓಡುವ, ತಯಾರಿಸಿದವರ ಪಟ್ಟಿಯಲ್ಲಿ ಹೆಸರು, ಬಳಗದಲ್ಲಿ ಕಾಯಂ ಜಾಗ. ಇಲ್ಲವಾದರೆ ನಮಸ್ಕಾರ. ಟೈಲರಮ್ಮನಿಗೆ ಆ ಪಟ್ಟಿಯ ಮೇಲೆ ಪ್ರಾಣ. ಊರಲ್ಲಿ ಅರ್ಧ ಜನ ತೊಟ್ಟುಕೊಂಡು ಓಡಾಡುತ್ತಿದ್ದುದು ಅವಳ ಹೊಲಿಗೆಯೇ, ಆದರೆ ಯಾವ ಕಾಲರಿನ ಹಿಂದೆಯೂ ಅವಳ ಹೆಸರಿರಲಿಲ್ಲ. ಅದು ಅವಳಿಗೆ ಒಳಗೊಳಗೇ ನೋಯುತ್ತಿತ್ತು.

ಈ ಸಲದ ಆಟ, ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳನ್ನು ಅವುಗಳ ಒಡೆಯರಿಗೆ ತಲುಪಿಸುವುದು. ಐದು ಗೊಂಬೆಗಳು: ಗೇಟಿನವನು, ಹಮಾಲಿ, ಮುದುಕಿ, ದಾದಿ, ಪೀಪಿ ಊದುವವನು. ಅವರಿಗೆ ಉಡುಪು ಬಿಡಿಸುವುದು ಸೂಜಿಯ ಪಾಲಿಗೆ ಬಂದಿತ್ತು. ಅಳತೆ ತೆಗೆಯದೆ ಅವಳು ಕೆಲಸಕ್ಕೆ ಕೈ ಹಾಕಿದವಳೇ ಅಲ್ಲ. ಮೇಷ್ಟ್ರು ಆಟ ಓಡಿಸಿ ತೋರಿಸಿದಾಗ ಕಂಡ ಗೊಂಬೆಗಳ ಮೇಲೆ ಕಂಪ್ಯೂಟರಿನ ಚುಕ್ಕಿಗಳನ್ನು ಎಣಿಸಿ, ಭುಜದಿಂದ ಮೊಣಕೈ ಇಷ್ಟು, ಮೊಣಕೈಯಿಂದ ಮಣಿಕಟ್ಟು ಇಷ್ಟು ಎಂದು ಐವರ ಅಳತೆಯನ್ನೂ ಅಂಗಡಿಯ ಅಳತೆ ಪುಸ್ತಕದಲ್ಲಿ, ನಿಜವಾದ ಗಿರಾಕಿಗಳ ಕೆಳಗೇ ಬರೆದುಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಗಿಡ್ಡ ತೋಳಿನ ಐದು ಉಡುಪೂ ಮುಗಿದವು. ಮುಗಿದ ಮೇಲೆ ಮೇಜು ಒರೆಸಬೇಕಲ್ಲ. ಬಳಗದ ಪೆಟ್ಟಿಗೆ ತೆರೆದು ನೋಡಿದಳು: ಒಂದು ಕಡೆ ಬರೀ ಕೈಗಳು. ಅರ್ಧ ತೋಳು, ಮುಂಗೈ, ಬುಡವಿಲ್ಲದ ಬೆರಳು, ಒಟ್ಟು ಮೂವತ್ತು ತುಂಡು. ಹೆಸರಿಲ್ಲ, ಬರೀ ಅಂಕಿ. ಯಾರೋ ಕತ್ತರಿಸಿ ಬಿಟ್ಟ ಚೂರುಗಳು, ಹೊಸಬಳಾದ ನಾನೇ ಗುಡಿಸಿದರೆ ಒಳ್ಳೆಯ ಹೆಸರು ಬರುತ್ತದೆ ಎಂದುಕೊಂಡಳು. ಅಳಿಸಿದಳು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕಂಡಿತು. ಬುಟ್ಟಿಯನ್ನು ತುಂಬಿಟ್ಟುಕೊಂಡು ಏಳುವ ಜಾಯಮಾನ ಅವಳದಲ್ಲ, ಅದನ್ನೂ ಖಾಲಿ ಮಾಡಿ ಊಟಕ್ಕೆ ಕೂತಳು.

ಎರಡೂವರೆಗೆ ಮೇಷ್ಟ್ರು ಆಟ ಓಡಿಸಿದರು. ಗೇಟಿನವನು ತೋಳಿಲ್ಲದೆ ಬಾಗಿಲ ಬಳಿ ನಿಂತಿದ್ದ. ದಾದಿ ಕೊಡಲು ಬಂದ ಕೊಡೆ ಗಾಳಿಯಲ್ಲಿ ತೇಲುತ್ತಿತ್ತು. ಆ ತುಂಡುಗಳು ಚೂರುಗಳಾಗಿರಲಿಲ್ಲ, ಗೊಂಬೆಗಳ ಕೈಗಳೇ. ಆಡಿಸುವಾಗ ಕೀಲುಗಳಲ್ಲಿ ಬಗ್ಗಲೆಂದು ಬಿಡಿಬಿಡಿಯಾಗಿ ಇಟ್ಟಿದ್ದರು. ಅವನ್ನು ಬಿಡಿಸಿದ ಕಲಾವಿದ ನೇರವಾಗಿ ಬಳಗದ ಪೆಟ್ಟಿಗೆಯಲ್ಲೇ ಬಿಡಿಸಿ, ಬೆಳಿಗ್ಗೆ ವಿಮಾನ ಹತ್ತಿಬಿಟ್ಟಿದ್ದ. ಅವನ ಫೋನ್ ಆನ್ ಆಗುವುದು ರಾತ್ರಿಗೆ.

ಟೈಲರಮ್ಮ ಕಸದ ಬುಟ್ಟಿ ತೆರೆದು ನೋಡಿದಳು, ಅದನ್ನೂ ಅವಳೇ ಖಾಲಿ ಮಾಡಿಯಾಗಿತ್ತು.

ಪೆಟ್ಟಿಗೆಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಹಾಗಾಗಿ ಯಾರು ಅಳಿಸಿದರೆಂದು ತಿಳಿಯುವಂತಿರಲಿಲ್ಲ. ಹಿಂದಿನ ದಿನ ಬಾವಲಿ ಎರಡು ಸಲ ತಪ್ಪು ಚಿತ್ರ ಹಾಕಿ ಬೈಸಿಕೊಂಡಿದ್ದ. ಸಾಲದ್ದಕ್ಕೆ, ಪೆಟ್ಟಿಗೆಯಲ್ಲಿ ಜಾಗ ಕಮ್ಮಿಯಿದೆಯೆಂದು ಬೆಳಿಗ್ಗೆ ಅವನೇ ಬರೆದಿದ್ದ. ಇನ್ನೇನು ಬೇಕು. ಎಲ್ಲರ ಬೆರಳೂ ಅವನತ್ತ ತಿರುಗಿತು. ಅವನು ನಾನಲ್ಲ ಎಂದ, ಮತ್ತೆ ನಾನಲ್ಲ ಎಂದ. ಹೊಸಬರನ್ನು ಸೇರಿಸಿಕೊಂಡದ್ದೇ ತಪ್ಪಾಯಿತು ಎಂದು ಮೇಷ್ಟ್ರು ಬರೆದರು.

ಇವಳ ಗಂಡ ಬಸ್ ಡಿಪೋದಲ್ಲಿ ಟೈರು ನೋಡಿಕೊಳ್ಳುವವನು, ಭಾನುವಾರ ಮನೆಯಲ್ಲಿದ್ದ. ಹೆಂಡತಿಯ ಮುಖ ಬಿಳುಚಿಕೊಂಡಿದ್ದನ್ನು ಕಂಡು ಕೇಳಿದ. ಹೇಳಿದಳು.

"ನೀನೇ ಅಂತ ಯಾರಿಗೂ ಗೊತ್ತಿಲ್ವಲ್ಲ. ಸುಮ್ನಿದ್ಬಿಡು," ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹೆಂಡತಿ ಹದಿನೇಳು ದಿನದಿಂದ ಹಾಡು ಗುನುಗುತ್ತ ಓಡಾಡುವುದನ್ನು ಅವನು ನೋಡಿದ್ದ.

ಅವಳು ಸುಮ್ಮನಿದ್ದಳು. ಐದು ನಿಮಿಷವಲ್ಲ, ಹತ್ತಲ್ಲ, ಭರ್ತಿ ನಲವತ್ತು ನಿಮಿಷ. ಇದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡಲು ನನಗೆ ಮನಸ್ಸಿಲ್ಲ. ಬೆರಳು ಒಂದೊಂದು ಅಕ್ಷರ ಒತ್ತುವುದು, ಅಳಿಸುವುದು. ಪಟ್ಟಿ ಕಣ್ಣ ಮುಂದೆ ಬರುವುದು, ಹೋಗುವುದು. ಮೂರು ಗಂಟೆ ಹತ್ತು ನಿಮಿಷಕ್ಕೆ ಕೊನೆಗೂ ಬರೆದಳು:

"ಬಾವಲಿ ಅಲ್ಲ. ಅಳಿಸಿದ್ದು ನಾನು. ಬಟ್ಟೆ ಚೂರಿನ ಥರ ಬೇಡದ್ದು ಅಂದ್ಕೊಂಡೆ. ನಾನು ಟೈಲರು, ಅಭ್ಯಾಸ."

ಯಾರೂ ಬಯ್ಯಲಿಲ್ಲ. ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ಆರು ನಿಮಿಷ ಮೊದಲೇ ಬಾವಲಿ ಬಳಗ ಬಿಟ್ಟು ಹೋಗಿದ್ದ. ಅವನ ಹೆಸರಿದ್ದ ಕಡೆ ಬೂದು ಬಣ್ಣದ ಒಂದು ಗೆರೆಯಿತ್ತು. ಅದನ್ನು ನೋಡಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಡ ಹೋಗಿ ಬಾಗಿಲು ಹಾಕಿ ಬಂದ.

ಅಳು ಮುಗಿಸಿ ಅಳತೆ ಪುಸ್ತಕ ಬಿಚ್ಚಿದಳು. ಐವರ ತೋಳಿನ ಅಳತೆಯೂ ಅಲ್ಲಿತ್ತು, ಕೀಲು ಎಲ್ಲಿ ಬಗ್ಗಬೇಕೆನ್ನುವುದೂ ಇತ್ತು. ಅವಳಿಗೆ ಬೆರಳು ಬಿಡಿಸಲು ಬಾರದು, ಅಂಗೈ ಬಾರದು. ತೋಳು ಹೊಲಿಯುವುದರಲ್ಲಿ ಮಾತ್ರ ಎತ್ತಿದ ಕೈ. ಐವರಿಗೂ ಬೆರಳ ತುದಿಯವರೆಗೆ ಮುಚ್ಚುವ ಉದ್ದ ತೋಳಿನ ಉಡುಪು ತೊಡಿಸುತ್ತೇನೆ, ಒಳಗೆ ಕೈ ಇದೆಯೋ ಇಲ್ಲವೋ ನೋಡುವವರಾರು ಎಂದು ಮೇಷ್ಟ್ರಿಗೆ ಬರೆದಳು. ಅವರು, ಐದೂವರೆಯೊಳಗೆ ಬೇಕು ಎಂದಷ್ಟೇ ಉತ್ತರಿಸಿದರು.

ಕಣ್ಣು ಕೀಳದೆ ಕೂತಳು. ಗಂಡ ಪುಸ್ತಕ ಹಿಡಿದು ಅಳತೆ ಓದುತ್ತ ಹೋದ, ಅವಳು ಬಿಡಿಸುತ್ತ ಹೋದಳು. ನಾಲ್ಕಕ್ಕೆ ಹಮಾಲಿ, ನಾಲ್ಕೂ ಇಪ್ಪತ್ತಕ್ಕೆ ಮುದುಕಿ. ನಡುವೆ ಒಮ್ಮೆ ಕರೆಂಟು ಮಿಣುಕಿತು, ಆದರೆ ಹೋಗಲಿಲ್ಲ. ಗೇಟಿನವನು ಉಳಿದಾಗ ಐದೂ ಇಪ್ಪತ್ತು. ಅವನ ಎಡತೋಳನ್ನು ಅವಸರದಲ್ಲೇ ಮುಗಿಸಿ ಕಳಿಸಿದಳು. ಐದೂ ಐವತ್ತೆರಡಕ್ಕೆ ಆಟ ಒಪ್ಪಿಸಿದ್ದಾಯಿತು.

ಪಟ್ಟಿಗೆ ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಮೇಷ್ಟ್ರು ಒಪ್ಪಿಸುವುದಕ್ಕೆ ತುಸು ಮೊದಲು ಕೇಳಿದ್ದರು. ಆ ಜಾಗದಲ್ಲಿ ಬಾವಲಿ ಎಂದು ಹಾಕಿ, ನನ್ನದು ಬೇಡ ಎಂದಿದ್ದಳು ಅವಳು. ಮೇಷ್ಟ್ರು ಒತ್ತಾಯ ಮಾಡಲಿಲ್ಲ, ಹಾಗೇ ಹಾಕಿದರು. ಆಟದ ಕೊಂಡಿಯನ್ನು ಅವಳು ಬಾವಲಿಗೆ ಖಾಸಗಿಯಾಗಿ ಕಳಿಸಿದಳು. ಜೊತೆಗೆ ಮೂರೇ ಸಾಲು: ಅಳಿಸಿದ್ದು ನಾನು, ನಲವತ್ತು ನಿಮಿಷ ಹೆದರಿ ಸುಮ್ಮನಿದ್ದೆ, ಅದು ದೊಡ್ಡ ತಪ್ಪು.

ಸೋಮವಾರ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಅಂಗಡಿಯಲ್ಲಿ ಅವಳು ಸಂಜೆ ಚೂರುಗಳನ್ನು ಚೀಲಕ್ಕೆ ತುಂಬಿದಳು, ಆದರೆ ತೊಟ್ಟಿಗೆ ಒಯ್ಯದೆ ಮೇಜಿನ ಕೆಳಗೇ ಇಟ್ಟಳು. ಬುಧವಾರ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿರುವಾಗ ಫೋನು ಸದ್ದು ಮಾಡಿತು. ಬಾವಲಿ.

"ಗೇಟಿನವನ ಎಡತೋಳು ಒಂಚೂರು ಉದ್ದ ಆಗಿದೆ, ಅಮ್ಮ."

ಅವಳು ಆ ಸಾಲನ್ನು ಎರಡು ಸಲ ಓದಿದಳು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಮೂವತ್ತೊಂದು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದ ಮಾತನ್ನೇ ಬರೆದಳು:

"ಬಾಪ್ಪ, ಕೂತ್ಕೋ. ಈಗ್ಲೇ ಸರಿ ಮಾಡ್ಕೊಡ್ತೀನಿ."