ಅಂಗೈಯ ನೀಲಿ

ಮೊಮ್ಮಗಳ ಬಿಳಿ ಸಮವಸ್ತ್ರಕ್ಕೆ ನೀಲಿ ಹಾಕಲು ಹೋಗಿ ಈ ಬೆಳಗ್ಗೆ ಅಂಗೈ ತುಂಬ ಬಳಿದುಕೊಂಡೆ. ನಾಳೆ ಆಗಸ್ಟ್ ಹದಿನೈದು. ಅಂಗಿ ಬೆಳ್ಳಗೆ ಹೊಳೆಯಬೇಕಂತೆ. ಎಷ್ಟು ಉಜ್ಜಿದರೂ ಅಂಗೈಯ ಗೆರೆಗಳಲ್ಲಿ ಬಣ್ಣ ಉಳಿಯಿತು. ಅದನ್ನೇ ನೋಡುತ್ತ ಕೂತವನಿಗೆ ಖಾದರ್ ನೆನಪಾದ.

ಖಾದರ್ ಯಲಹಂಕದ ಹಳೇ ಪೇಟೆಯಲ್ಲಿ ದರ್ಜಿ. ಅರವತ್ತರ ದಶಕದ ಆರಂಭ; ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ದಿನಾ ಬೆಳಗ್ಗೆ ಇಬ್ಬರೂ ಜಕ್ಕೂರು ಕೆರೆ ಏರಿಯವರೆಗೆ ಓಡುತ್ತಿದ್ದೆವು. ಓಡುತ್ತಿದ್ದವನು ಅವನು, ನಾನು ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದೆ. ಒಮ್ಮೆ ಹಾಲಿನ ಸೈಕಲ್ಲಿನವನು ಕನಿಕರಪಟ್ಟು, "ಹಿಂದ್ಗಡೆ ಕೂತ್ಕೊಳ್ಳಿ ಸ್ವಾಮಿ, ಬಿಡ್ತೀನಿ" ಎಂದ. "ಕೂರಿಸ್ಕೊಳ್ಳಣ್ಣ, ಹಾಲು ಒಡೆದ್ರೆ ನನ್ನ ಕೇಳ್ಬೇಡ" ಎಂದು ಖಾದರ್ ನಕ್ಕ.

ಸ್ವಾತಂತ್ರ್ಯ ದಿನದಂದು ಬಾವುಟ ಏರಿಸಿದ ಮೇಲೆ ಊರ ಚಾವಡಿಯಿಂದ ಕೆರೆ ಏರಿಗೆ ಓಡಿ ವಾಪಸು ಬರುವ ಪಂದ್ಯವಿತ್ತು. ಏರಿಯ ತುದಿಯಲ್ಲಿ ಕಣ್ಣು ಮಂಜಾದ ಮುದುಕರೊಬ್ಬರು ಬಟ್ಟೆಯ ನೀಲಿ ಕಲಸಿಕೊಂಡು ಕೂತಿರುತ್ತಿದ್ದರು. ಬಂದವರ ಮುಖ ನೋಡದೆ, ಚಾಚಿದ ಅಂಗೈಗೆ ನೀಲಿ ಬಳಿಯುವುದಷ್ಟೇ ಅವರ ಕೆಲಸ. ಆ ಗುರುತನ್ನು ಚಾವಡಿಯಲ್ಲಿ ತೋರಿಸಿದರೇ ಓಡಿದ ಹಾಗೆ. ಗೆದ್ದವರಿಗೆ ಹಿತ್ತಾಳೆ ಚೊಂಬು. ಖಾದರ್ ಮೂರು ವರ್ಷ ಎರಡನೆಯವನಾಗಿದ್ದ. "ಈ ಸಲ ಚೊಂಬು ಅಮ್ಮಿ ಕೈಗೆ ಕಣೋ" ಎಂದು ತಿಂಗಳಿಂದ ಹೇಳುತ್ತಿದ್ದ.

ಆ ಸಲ ಪಂದ್ಯದಲ್ಲಿ ನಾನೂ ಓಡಿದೆ. ನಾನಿನ್ನೂ ಏರಿ ಹತ್ತುತ್ತಿದ್ದಾಗಲೇ ಅವನು ವಾಪಸು ಎದುರಿಗೆ ಓಡಿ ಬಂದ. "ಬಾರೋ, ಬೇಗ ಬಾರೋ!" ಎಂದು ಬೆನ್ನಿಗೊಂದು ಬಿಟ್ಟು ಹೊರಟುಹೋದ. ನನ್ನ ಮುಂದಿದ್ದ ಇಬ್ಬರು ಕೆಸರಿನಲ್ಲಿ ಜಾರಿಬಿದ್ದರು. ಹಾಗಾಗಿ ನಾನು ಎರಡನೆಯವನಾಗಿ ಚಾವಡಿ ಮುಟ್ಟಿ, ಚಳಿಗೆ ಬನಿಯನ್ ಮೇಲೆ ಅಂಗಿ ತೊಟ್ಟುಕೊಂಡೆ.

ಅಲ್ಲಿ ಖಾದರ್‌ನ ಸುತ್ತ ಜನ. ಅವನ ಅಂಗೈ ಸ್ವಚ್ಛವಾಗಿತ್ತು.

"ದಾರೀಲಿ ತೂಬಿನ ನೀರಲ್ಲಿ ಮುಖ ತೊಳ್ಕೊಂಡೆ ಗೌಡ್ರೇ. ಹಸಿ ನೀಲಿ, ಹೋಗ್ಬಿಡ್ತು."

ತೀರ್ಪು ಕೊಡುವವರು ಗೌಡರು. "ಅರ್ಧ ದಾರೀಲಿ ತಿರೀಕಂಡು ಬಂದೋನೂ ಅಂಗೇ ಯೋಳ್ತಾನಪ್ಪಾ" ಎಂದು ನನ್ನತ್ತ ತಿರುಗಿದರು. "ಪೇಪರ್ನೋರೇ, ಇವ್ನು ನೀಲಿ ಆಕಿಸ್ಕಂಡಿದ್ದು ನೀವು ಕಂಡ್ರಾ?"

ಕಂಡದ್ದನ್ನಷ್ಟೇ ಹೇಳಬೇಕೆಂದು ಕಚೇರಿಯಲ್ಲಿ ಹೊಸದಾಗಿ ಕಲಿತಿದ್ದೆ. "ಎದುರಿಗೆ ಬಂದಿದ್ದು ನೋಡ್ದೆ. ನೀಲಿ ಹಾಕಿಸ್ಕೊಂಡಿದ್ದು ನೋಡ್ಲಿಲ್ಲ" ಎಂದೆ. ಒಂದಕ್ಷರ ಸುಳ್ಳಿರಲಿಲ್ಲ. ಚೊಂಬು ನನ್ನ ಕೈಗೆ ಬಂತು.

"ಸರಿಯಾಗೇ ಹೇಳ್ದೆ ಬಿಡೋ" ಎಂದು ಖಾದರ್ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸಂಜೆ ಬಟ್ಟೆ ನೆನೆಸುತ್ತಿದ್ದ ಅಮ್ಮ ಕೂಗಿದಳು. "ಬೆನ್ನ ಮೇಲೆ ಇದ್ಯಾರ ಕೈಯೋ?" ಬನಿಯನ್ನಿನ ಹಿಂಬದಿಯಲ್ಲಿ, ನನ್ನ ಕೈ ಎಟುಕದ ಕಡೆ, ಐದು ಬೆರಳೂ ನೀಲಿಯಾಗಿ ಮೂಡಿದ್ದವು.

ಬನಿಯನ್ ಹಿಡಿದು ಗೌಡರ ಮನೆಗೆ ಓಡಿದೆ. ಪಂದ್ಯದಲ್ಲೂ ಅಷ್ಟು ಜೋರಾಗಿ ಓಡಿರಲಿಲ್ಲ. "ಆಗೋಯ್ತಲ್ಲ, ಬುಡಿ" ಎಂದರು. ಚೊಂಬು ಹಿಡಿದು ಖಾದರ್‌ನ ಮನೆಗೆ ಹೋದೆ. ಬಾಗಿಲಿಗೆ ಬಂದ ಅವನ ತಾಯಿ, "ಯಶವಂತಪುರಕ್ಕೆ ಮಾಮನ ಅಂಗಡಿಗೆ ಹೋದ ಬೇಟಾ" ಎಂದರು. ಚೊಂಬನ್ನು ಮುಟ್ಟಲಿಲ್ಲ. "ಗೆದ್ದೋರದ್ದು ಗೆದ್ದೋರ ಮನೇಲೇ ಇರ್ಲಿ."

ಭಾನುವಾರ ಯಶವಂತಪುರಕ್ಕೆ ಹೋದರಾಯಿತು ಎಂದುಕೊಂಡೆ. ಎಷ್ಟೋ ಭಾನುವಾರ ಹಾಗೇ ಅಂದುಕೊಂಡೆ. ಕೊನೆಗೆ ಹೋದಾಗ ಅಂಗಡಿಯಲ್ಲಿ ಬೇರೆಯವರಿದ್ದರು. ಮದರಾಸಿಗೆ ಹೋದರು ಎಂದಷ್ಟೇ ಗೊತ್ತಾಯಿತು.

ಆ ಪಂದ್ಯದ ಸುದ್ದಿಯನ್ನು ಮೂರು ಸಾಲಿನಲ್ಲಿ ಬರೆದು ಪತ್ರಿಕೆಗೆ ಕೊಟ್ಟವನೂ ನಾನೇ. ಆಮೇಲೆ ಕೆಲಸದಿಂದ ನಿವೃತ್ತನಾಗುವವರೆಗೂ ಊರವರ ತಪ್ಪನ್ನೆಲ್ಲ ತಿದ್ದಿದೆ. ಆ ಮೂರು ಸಾಲು ಹಾಗೇ ಉಳಿದವು. ಇವತ್ತು ತಿದ್ದುತ್ತೇನೆ: ಮೊದಲು ಬಂದವನು ಖಾದರ್.

ಕೈಯನ್ನು ಮತ್ತೆ ತೊಳೆಯದೆ ಸಂಜೆ ಕೆರೆಯ ಕಡೆ ನಡೆದೆ. ಏರಿಯ ಮೇಲೆ ಈಗಲೂ ಹುಡುಗರು ಓಡುತ್ತಾರೆ. ಎದುರಿಗೆ ಬಂದವರಿಗೆಲ್ಲ ದಾರಿ ಬಿಟ್ಟು ನಿಂತೆ. ಎಲ್ಲರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಹೋದರು. ಬೆನ್ನಿಗೊಂದು ಬಿಟ್ಟು "ಬಾರೋ" ಎನ್ನುವವರು ಯಾರೂ ಇರಲಿಲ್ಲ.