ಎರಡನೇ ಪುಟದಲ್ಲಿದ್ದ ಅಕ್ಕನ ಹೋಮ್‌ಸ್ಟೇ

ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಯಾರಾದರೂ ಇಂಟರ್ನೆಟ್ಟಿನಲ್ಲಿ ಏನನ್ನಾದರೂ ಹುಡುಕಿದಾಗ ನಮ್ಮ ಗಿರಾಕಿಗಳ ವೆಬ್‌ಸೈಟು ಆದಷ್ಟು ಮೇಲೆ ಕಾಣಿಸುವಂತೆ ಮಾಡಬೇಕು. ಮನೆಯವರಿಗೆ ಇದನ್ನು ಸರಿಯಾಗಿ ವಿವರಿಸಲು ನನಗೆ ಎಂದೂ ಆಗಿರಲಿಲ್ಲ. ಹಾಗಾಗಿ ಅಕ್ಕ ಮತ್ತು ಭಾವ ಕಾಪುವಿನಲ್ಲಿ, ಕಡಲ ಬದಿಯ ತಮ್ಮ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದಾಗ ಅಕ್ಕ ಸುಲಭವಾಗಿ ಹೇಳಿಬಿಟ್ಟಳು: "ನೀನು ಮಾಡುವುದು ಅದೇ ಕೆಲಸ ಅಲ್ವಾ? ನಮ್ಮದನ್ನು ಮೊದಲಿಗೆ ತಂದುಬಿಡು."

ಅವರ ವೆಬ್‌ಸೈಟು ಹುಡುಕಾಟದ ಐದನೇ ಪುಟದಲ್ಲಿ ಎಲ್ಲೋ ಇತ್ತು. ಅಷ್ಟು ದೂರ ಯಾರೂ ಹೋಗುವುದಿಲ್ಲ. ಪುಟದ ಶೀರ್ಷಿಕೆ 'ಸ್ವಾಗತ' ಎಂದಿತ್ತು, ಅದನ್ನು 'ಕಾಪು ಕಡಲ ಬದಿಯ ಹೋಮ್‌ಸ್ಟೇ' ಎಂದು ಬದಲಿಸಿದೆ. ತೆರೆದುಕೊಳ್ಳಲು ತಡವಾಗುತ್ತಿದ್ದ ದೊಡ್ಡ ಫೋಟೋಗಳನ್ನು ಚಿಕ್ಕದು ಮಾಡಿದೆ. ಕೋಣೆ, ಊಟ, ಬಸ್ಸಿನ ದಾರಿ ಎಲ್ಲಕ್ಕೂ ಪ್ರತ್ಯೇಕ ತಲೆಬರಹ ಕೊಟ್ಟೆ. ಸ್ವಲ್ಪ ದಿನಗಳಲ್ಲಿ ಅದು ಎರಡನೇ ಪುಟಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟಿತು.

ನಾನು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಕಚೇರಿಗೆಂದು ಮನೆಯಿರುವ ಕಾರ್ಕಳದಲ್ಲಿ ಬಸ್ಸು ಹತ್ತಿದವನು ಹಿರಿಯಡಕ ಬರುವುದರೊಳಗೆ ಮೂರು ನಾಲ್ಕು ಸಲ ಹುಡುಕಿ ನೋಡುತ್ತಿದ್ದೆ. ಕಚೇರಿಯಲ್ಲಿ ಬೇರೆಯವರ ಕೆಲಸ ಮಾಡುತ್ತಿರುವಾಗಲೂ ಕೈ ಅದೇ ಪದಗಳನ್ನು ಒತ್ತುತ್ತಿತ್ತು. ಊಟಕ್ಕೆ ಕುಳಿತರೂ ಸಮಾಧಾನವಿಲ್ಲ.

ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಬಂತು ಮಾರಾಯ, ಮೊದಲನೆಯದೇ ನಮ್ಮದು."

ನನ್ನ ಪರದೆಯಲ್ಲಿ ಅದು ಇನ್ನೂ ಎರಡನೇ ಪುಟದಲ್ಲೇ ಇತ್ತು. ದಿನಾ ತನ್ನದೇ ಪುಟವನ್ನು ಹುಡುಕಿ ತೆರೆಯುತ್ತಿದ್ದುದರಿಂದ ಅವಳ ಫೋನು ಅದನ್ನು ಅವಳಿಗಷ್ಟೇ ಮೇಲೆ ತೋರಿಸುತ್ತಿತ್ತು. ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೇಳಿದೆ. "ಹಾಗಾದರೆ ನಾನೊಬ್ಬಳೇ ನೋಡುವುದಾ" ಎಂದಳು.

ಆ ಭಾನುವಾರ ಕಾಪುವಿಗೆ ಹೋದೆ. ಕೊಲ್ಲಿ ದೇಶದಲ್ಲಿ ಬಹಳ ವರ್ಷ ದುಡಿದು ಬಂದ ಭಾವನಿಗೆ ಕೆಲಸ ತಡವಾಗುವುದು ಇಷ್ಟವಿಲ್ಲ.

"ಎಂತ ಕಮ್ಮಿ ಉಂಟು ನಮ್ಮ ಪುಟದಲ್ಲಿ?" ಎಂದು ಕೇಳಿದರು.

"ಪುಟದಲ್ಲಿ ಕಮ್ಮಿ ಇಲ್ಲ ಭಾವ. ಬೇರೆ ಸೈಟಿನವರು ಯಾರೂ ನಮ್ಮ ಕಡೆಗೆ ಲಿಂಕ್ ಕೊಟ್ಟಿಲ್ಲ. ಮೇಲಿರುವವರಿಗೆ ನೂರಾರು ಸೈಟುಗಳಿಂದ ಲಿಂಕ್ ಉಂಟು. ಮದುವೆಗೆ ಸಂಬಂಧ ನೋಡುವಾಗ ಹೇಳಿದವರು ಯಾರು ಅಂತ ವಿಚಾರಿಸುತ್ತೇವಲ್ಲ, ಹಾಗೆ. ನಂಬಿಕಸ್ಥರು ಹೇಳಿದರೆ ತೂಕ ಜಾಸ್ತಿ."

"ಹಾಗಾದರೆ ಒಬ್ಬ ಫೋನ್ ಮಾಡಿದ್ದ. ದುಡ್ಡು ಕೊಟ್ಟರೆ ಸಾವಿರ ಲಿಂಕ್ ಹಾಕಿಕೊಡುತ್ತಾನಂತೆ."

"ಬೇಡ ಭಾವ. ಅದು ಪೇಟೆಯಲ್ಲಿ ಸಿಕ್ಕಿದವರನ್ನೆಲ್ಲ ಕರೆದು ಸಾಕ್ಷಿ ಹೇಳಿಸಿದ ಹಾಗೆ."

ಅವರು ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ. ಎರಡು ವಾರಗಳಲ್ಲಿ ಅಕ್ಕನ ಸೈಟು ಇದ್ದಕ್ಕಿದ್ದಂತೆ ಹುಡುಕಾಟದ ಮೊದಲ ಪುಟಕ್ಕೆ ಏರಿತು. ಏಕೆಂದು ನೋಡಿದರೆ ಯಾವುದೋ ದೇಶದ ಟೈರು ಮಾರುವವರು, ಜೂಜಾಡಿಸುವವರು, ಹೆಸರೇ ಓದಲಾಗದ ಸೈಟುಗಳು ಎಲ್ಲ ಸೇರಿ ಅಕ್ಕನ ಮನೆಗೆ ಲಿಂಕ್ ಕೊಟ್ಟಿದ್ದವು. ಫೋನ್ ಮಾಡಿದ್ದವನಿಗೆ ಭಾವ ದುಡ್ಡು ಕೊಟ್ಟಿದ್ದರು, ಈಗ ಖುಷಿಯಲ್ಲಿದ್ದರು. ತಿಂಗಳು ಕಳೆಯುವುದರೊಳಗೆ ಸರ್ಚ್ ಎಂಜಿನ್ ಈ ಕೊಂಡ ಲಿಂಕುಗಳನ್ನು ಪತ್ತೆಹಚ್ಚಿತು, ಅಕ್ಕನ ಸೈಟು ಹುಡುಕಾಟದಿಂದ ಕಾಣೆಯಾಯಿತು. ಎರಡನೆಯದರಲ್ಲೂ ಇಲ್ಲ, ಐದನೆಯದರಲ್ಲೂ ಇಲ್ಲ.

ಭಾವ ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ನಾನೂ ಕೆದಕಲಿಲ್ಲ. ಆ ಲಿಂಕುಗಳನ್ನು ಗಣನೆಗೆ ತೆಗೆದುಕೊಳ್ಳಬೇಡಿ ಎಂದು ಸರ್ಚ್ ಎಂಜಿನ್ನಿಗೆ ತಿಳಿಸುವ ಒಂದು ವ್ಯವಸ್ಥೆ ಇದೆ. ಒಂದೊಂದನ್ನೇ ಆರಿಸಿ ಕಳುಹಿಸಿದೆ. ಆಮೇಲೆ ಕಾಯುವುದು, ನನಗೆ ಬಾರದ ಕೆಲಸ.

ಕಾಯುತ್ತಲೇ, ಮೊದಲು ಜನ ಏನೇನು ಹುಡುಕಿ ನಮ್ಮ ಪುಟಕ್ಕೆ ಬಂದಿದ್ದರು ಎಂದು ನೋಡುತ್ತಿದ್ದೆ. ಅದರಲ್ಲಿ ಒಂದು ಸಾಲು: 'ವೀಲ್‌ಚೇರಿನಲ್ಲಿ ಕಡಲಿಗೆ ಹೋಗಬಹುದಾದ ಜಾಗ, ಉಡುಪಿ ಹತ್ತಿರ'. ಯಾರೋ ಹಾಗೆ ಹುಡುಕಿದ್ದರು. ನಮ್ಮ ಪುಟದಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಹಿತ್ತಲಿನಿಂದ ಸಿಮೆಂಟಿನ ದಾರಿ ಉಂಟಲ್ಲ," ಎಂದಳು. "ಮೆಟ್ಟಿಲಿಲ್ಲ. ಮರಳು ಶುರುವಾಗುವವರೆಗೂ ವೀಲ್‌ಚೇರ್ ಗಾಡಿ ಹೋಗುತ್ತದೆ. ನಡೆಯಲಾಗದ ಮಾವನವರನ್ನು ಹಾಗೆಯೇ ಕರೆದುಕೊಂಡು ಹೋಗುತ್ತಿದ್ದದ್ದು."

ಅದನ್ನೇ ಬರೆದೆವು. ದಾರಿಯ ಫೋಟೋ, ಬಾಗಿಲಿನ ಅಗಲ, ಮಳೆಗಾಲದಲ್ಲಿ ದಾರಿ ಜಾರುತ್ತದೆ, ಆಗ ಬರಬೇಡಿ ಎಂಬ ಮಾತು. ಬರಬೇಡಿ ಎಂದು ಬರೆಯುವುದು ಬೇಕಾ ಎಂದು ಭಾವ ಅಕ್ಕನನ್ನು ಕೇಳಿದರು. ಬೇಕು ಎಂದು ಅಕ್ಕ ಹೇಳಿದಳು. ಬಳಿಕ ಉಡುಪಿಯಲ್ಲಿ ಹಿರಿಯರಿಗಾಗಿ ಕೆಲಸ ಮಾಡುವ ಒಂದು ಸಂಘಕ್ಕೆ ನಾನೇ ಹೋಗಿ ಆ ಪುಟವನ್ನು ತೋರಿಸಿದೆ. ಅಲ್ಲಿಯ ಕಾರ್ಯದರ್ಶಿ ಒಂದು ಸಂಜೆ ಕಾಪುವಿಗೆ ಹೋಗಿ, ಆ ದಾರಿಯಲ್ಲಿ ತಾವೇ ನಡೆದು ನೋಡಿ, ಆಮೇಲೆ ತಮ್ಮ ವೆಬ್‌ಸೈಟಿನಿಂದ ಲಿಂಕ್ ಕೊಟ್ಟರು.

ಆ ಒಂದು ಲಿಂಕು ಮಾಡಿದ್ದನ್ನು ಭಾವನ ಸಾವಿರ ಲಿಂಕುಗಳು ಮಾಡಿರಲಿಲ್ಲ. ವೀಲ್‌ಚೇರ್ ಎಂದು ಹುಡುಕಿದವರಿಗೆ ಅಕ್ಕನ ಮನೆ ಎಲ್ಲರಿಗಿಂತ ಮೇಲೆ ಕಾಣಿಸತೊಡಗಿತು. ಕಾಪು ಹೋಮ್‌ಸ್ಟೇ ಎಂದು ಹುಡುಕಿದರೆ ನಿಧಾನಕ್ಕೆ ಮರಳಿ ಬಂದು, ಮೊದಲ ಪುಟದ ಕೊನೆಯಲ್ಲಿ ಕುಳಿತಿತು.

ದಾವಣಗೆರೆಯಿಂದ ಒಂದು ಕುಟುಂಬ ಬಂದ ದಿನ ನಾನು ಅಲ್ಲಿದ್ದೆ. ಜೊತೆಗೆ ವೀಲ್‌ಚೇರಿನಲ್ಲಿ ಬಂದ ಅಜ್ಜಿ ಕಡಲನ್ನೇ ನೋಡಿರಲಿಲ್ಲವಂತೆ. ಭಾವ ತಾವೇ ಮುಂದೆ ಬಂದು ಗಾಡಿಯನ್ನು ಹಿತ್ತಲಿನ ದಾರಿಯಲ್ಲಿ ತಳ್ಳಿಕೊಂಡು ಹೋದರು. ಅಜ್ಜಿ ಕಡಲನ್ನು ನೋಡಿ, "ಎಷ್ಟ್ ಸಪ್ಪಳ ಮಾಡ್ತೈತಿ ಇದು," ಎಂದರು.

ಸಂಜೆ ಭಾವ ನನ್ನ ಪಕ್ಕ ಬಂದು ಕುಳಿತು, "ಮುಂದಿನ ವರ್ಷಕ್ಕೂ ಕೋಣೆ ಕೇಳಿದ್ದಾರೆ" ಎಂದರು. ಅಷ್ಟು ದಿನಗಳ ನಂತರ ಅವರಾಗಿಯೇ ಆಡಿದ ಮೊದಲ ಮಾತು ಅದು. ನನಗೆ ನೆಮ್ಮದಿಯಾಯಿತು. ಆದರೂ ಮನೆಗೆ ಮರಳುವಾಗ, ಕಟಪಾಡಿ ದಾಟುತ್ತಿದ್ದ ಬಸ್ಸಿನಲ್ಲಿ ಮತ್ತೆ ಹುಡುಕಿದೆ. ಅಕ್ಕನ ಹೋಮ್‌ಸ್ಟೇ ಒಂದು ಸ್ಥಾನ ಕೆಳಗೆ ಇಳಿದಿತ್ತು.